ಕಡಲ ನಡುವೆ ಒಂದು ಪುಟ್ಟ ಸರ್ಕಾರ: ನಾರ್ವೆಯ ಗ್ರಿಪ್ ದ್ವೀಪದ ಕಥೆ

[ದೃಶ್ಯ: ಮೇಲಿನಿಂದ ಕಾಣುವ ದ್ವೀಪ. ಸುತ್ತಲೂ ಕಡಲು, ನಡುವೆ ಒತ್ತೊತ್ತಾಗಿ ಮನೆಗಳು]

ನಮಸ್ಕಾರ. ಈ ಬಂಡೆಯನ್ನು ಸ್ವಲ್ಪ ಹೊತ್ತು ನೋಡಿ. ಕಾಡಿಲ್ಲ, ಹೊಲ ಇಲ್ಲ, ಹರಿಯುವ ನೀರಿಲ್ಲ. ಮನೆಗಳು ಮಾತ್ರ ಚಳಿಗೆ ಮುದುಡಿ ಕೂತವರ ಹಾಗೆ ಒಂದಕ್ಕೊಂದು ಅಂಟಿಕೊಂಡಿವೆ. ಇದೇ ಗ್ರಿಪ್. ನಾರ್ವೆಯ ಪಶ್ಚಿಮ ಕರಾವಳಿಯ ಕ್ರಿಸ್ಟಿಯಾನ್‌ಸುಂದ್ ಪಟ್ಟಣದಿಂದ ಸುಮಾರು 14 ಕಿ.ಮೀ. ದೂರ, ಕಡಲ ಒಳಗೆ. ಇದರಾಚೆ ಬರೀ ತೆರೆದ ಸಮುದ್ರ.

1897ರಿಂದ 1964ರವರೆಗೆ, ಅಂದರೆ 67 ವರ್ಷ, ಈ ಜಾಗಕ್ಕೆ ತನ್ನದೇ ಸ್ಥಳೀಯ ಸರ್ಕಾರ ಇತ್ತು. ಇಡೀ ನಾರ್ವೆಯಲ್ಲೇ ಅತಿ ಚಿಕ್ಕದು.

[ದೃಶ್ಯ: ನಕ್ಷೆ. ದ್ವೀಪಗಳ ಚುಕ್ಕಿಗಳು ಒಂದೊಂದಾಗಿ ಮೂಡುತ್ತವೆ]

ಗ್ರಿಪ್ ಅಂದರೆ ಒಂದೇ ದ್ವೀಪ ಅಲ್ಲ. ಸುಮಾರು 82 ಸಣ್ಣ ದ್ವೀಪ, ಬಂಡೆಗಳ ಗುಂಪು. ಎಲ್ಲ ಸೇರಿಸಿದರೂ ಅರ್ಧ ಚದರ ಕಿ.ಮೀ. ಆಗುವುದಿಲ್ಲ. ಜನ ಮನೆ ಕಟ್ಟಿಕೊಂಡಿದ್ದು ಗ್ರಿಪ್‌ಹೋಲ್ಮೆನ್ ಎಂಬ ಒಂದೇ ದ್ವೀಪದ ಮೇಲೆ. ಕುಡಿಯೋಕೆ ಮಳೆನೀರು ಹಿಡಿದಿಡಬೇಕು. ಮಳೆ ಕೈಕೊಟ್ಟರೆ ಸುತ್ತ ಇಷ್ಟೊಂದು ನೀರಿದ್ದೂ ಬಾಯಾರಿಕೆ.

ಹಾಗಾದರೆ ಇಲ್ಲಿ ಯಾಕಿದ್ದರು? ಕಾಡ್ ಮೀನಿಗಾಗಿ. ಪ್ರತಿ ಚಳಿಗಾಲ ದೂರದ ಉತ್ತರದ ಬ್ಯಾರೆಂಟ್ಸ್ ಸಮುದ್ರದಿಂದ ಕಾಡ್ ಮೀನು ಮೊಟ್ಟೆ ಇಡಲು ನಾರ್ವೆಯ ಕರಾವಳಿಗೆ ಬರುತ್ತದೆ. ಹುಟ್ಟು, ಹಾಯಿಗಳ ಕಾಲದಲ್ಲಿ ಮೀನಿನ ಹತ್ತಿರ ಮನೆ ಇದ್ದವನೇ ಗೆದ್ದ. ಬೆಳಗಾಗುವ ಮೊದಲೇ ಬಲೆ ಹತ್ತಿರ ಇರಬೇಕು, ಗಾಳಿ ಎದ್ದರೆ ಬೇಗ ದಡ ಸೇರಬೇಕು. ಪಟ್ಟಣದಿಂದ ಹುಟ್ಟು ಹಾಕುತ್ತಾ 14 ಕಿ.ಮೀ. ಬರುವುದು, ಮತ್ತೆ ಅಷ್ಟೇ ವಾಪಸ್ ಹೋಗುವುದು ದಿನಾ ಆಗುವ ಮಾತಲ್ಲ. ಸುಗ್ಗಿಯಲ್ಲಿ ಬೇರೆ ಊರಿನ ಮೀನುಗಾರರೂ ಬಂದು ಸೇರುತ್ತಿದ್ದರು. ಅಷ್ಟು ಸಣ್ಣ ಜಾಗದಲ್ಲಿ ಕಾಲಿಡಲೂ ಜಾಗ ಇರುತ್ತಿರಲಿಲ್ಲ.

ಮೀನಿಗೆ ಒಳ್ಳೆ ಬೆಲೆಯೂ ಇತ್ತು. ಉಪ್ಪು ಹಾಕಿ, ಬಂಡೆಗಳ ಮೇಲೆ ಹರಡಿ ಒಣಗಿಸಿದ ಕಾಡ್‌ಗೆ ನಾರ್ವೆಯಲ್ಲಿ ಕ್ಲಿಪ್‌ಫಿಸ್ಕ್ ಎನ್ನುತ್ತಾರೆ. ಕ್ರಿಸ್ಟಿಯಾನ್‌ಸುಂದ್ ಬೆಳೆದಿದ್ದೇ ಈ ಒಣಮೀನನ್ನು ಸ್ಪೇನ್, ಪೋರ್ಚುಗಲ್‌ಗೆ ಕಳಿಸಿ. ಆದರೆ ದ್ವೀಪದವರ ಕೈಗೆ ಆ ದುಡ್ಡು ಜಾಸ್ತಿ ಬರಲಿಲ್ಲ. ಬಹಳ ಕಾಲ ಈ ನೆಲ ವ್ಯಾಪಾರಿ ಒಡೆಯರದ್ದು. ಇವರು ಬರೀ ಒಕ್ಕಲು. ಹಿಡಿದ ಮೀನನ್ನು ಒಡೆಯನಿಗೇ ಮಾರಬೇಕು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

[ದೃಶ್ಯ: ಚರ್ಚ್‌ನ ಹೊರಗೋಡೆ, ನಿಧಾನವಾಗಿ ಒಳಗೆ]

ದ್ವೀಪದ ಅತಿ ಎತ್ತರದ ಜಾಗದಲ್ಲಿ ಈ ಚರ್ಚ್ ಇದೆ. ಎತ್ತರ ಅಂದರೆ ಸಮುದ್ರಮಟ್ಟದಿಂದ 8 ಮೀಟರ್ ಅಷ್ಟೇ. ಕಟ್ಟಿದ್ದು ಸುಮಾರು 1470ರಲ್ಲಿ. ಕಂಬಗಳ ಮೇಲೆ ಪೂರ್ತಿ ಮರದಲ್ಲಿ ಕಟ್ಟುವ ಇಂಥ ಹಳೇ ಚರ್ಚ್‌ಗಳು ನಾರ್ವೆಯಲ್ಲಿ ಈಗ 28 ಮಾತ್ರ ಉಳಿದಿವೆ. ದೊಡ್ಡ ಬಿರುಗಾಳಿ ಬಂದರೆ ಊರಿನವರೆಲ್ಲ ಮಕ್ಕಳನ್ನು ಎತ್ತಿಕೊಂಡು ಇಲ್ಲಿಗೇ ಓಡಿ ಬರುತ್ತಿದ್ದರು. ಇದಕ್ಕಿಂತ ಮೇಲೆ ಹತ್ತಲು ಜಾಗವೇ ಇಲ್ಲ, ಅಲ್ವಾ? 1796ರ ಬಿರುಗಾಳಿಯಲ್ಲಿ ಹೆಚ್ಚುಕಡಿಮೆ 100 ಮನೆಗಳು ಕಡಲು ಪಾಲಾದವು. ಚರ್ಚ್ ಉಳಿಯಿತು.

ಒಳಗಿನ ಈ ಪೀಠ ನೋಡಿ. ಎರಡು ಬಾಗಿಲಿನ ಬೀರುವಿನ ಹಾಗಿದೆ. ಬಾಗಿಲು ತೆರೆದರೆ ನಡುವೆ ಮೇರಿ, ಜೊತೆಗೆ ನಾರ್ವೆಯ ಸಂತ ಓಲಾವ್ ಮತ್ತು ಸಂತ ಮಾರ್ಗರೆಟ್. ಮರದಲ್ಲಿ ಕೆತ್ತಿದ್ದು, ನೆದರ್‌ಲ್ಯಾಂಡ್ಸ್‌ನ ಕೆಲಸ, 500 ವರ್ಷ ಹಳೆಯದು. 1515ರಲ್ಲಿ ಡೆನ್ಮಾರ್ಕ್–ನಾರ್ವೆಯ ದೊರೆ ಎರಡನೇ ಕ್ರಿಸ್ಟಿಯಾನ್‌ನನ್ನು ಮದುವೆಯಾಗಲು ನೆದರ್‌ಲ್ಯಾಂಡ್ಸ್‌ನಿಂದ ಹಡಗಿನಲ್ಲಿ ಹೊರಟ ಇಸಾಬೆಲ್ಲಾ, ಬಿರುಗಾಳಿಗೆ ಸಿಕ್ಕಾಗ ಹರಕೆ ಹೊತ್ತಿದ್ದಳಂತೆ. ಬದುಕಿ ದಡ ಸೇರಿದರೆ ಕರಾವಳಿಯ ಚರ್ಚ್‌ಗಳಿಗೆ ಪೀಠ ಕೊಡಿಸುತ್ತೇನೆ ಅಂತ. ಕಥೆ ನಿಜವೋ ಅಲ್ಲವೋ, ಇದೇ ಬಗೆಯ ಐದು ಪೀಠಗಳು ನಾರ್ವೆಯ ಕರಾವಳಿಯಲ್ಲಿ ಇಂದಿಗೂ ಇವೆ. ಆಗ ಆ ಹುಡುಗಿಗೆ 14 ವರ್ಷ. ಈ ಕಥೆಯನ್ನು ಗ್ರಿಪ್‌ನವರು ಇಷ್ಟು ಕಾಲ ಬಿಡದೆ ಹೇಳಿಕೊಂಡು ಬಂದಿದ್ದರಲ್ಲಿ ನನಗೆ ಆಶ್ಚರ್ಯ ಇಲ್ಲ. ಬಿರುಗಾಳಿಗೆ ಹೆದರುವುದು ಅಂದರೇನು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

[ದೃಶ್ಯ: ಹಳೇ ಕಪ್ಪು-ಬಿಳುಪು ಫೋಟೊಗಳು, ದೋಣಿಗಳು]

ಈಗ ಸರ್ಕಾರದ ವಿಷಯಕ್ಕೆ ಬರೋಣ. 1837ರ ಒಂದು ಕಾನೂನು ನಾರ್ವೆಯ ಹಳ್ಳಿ, ಪಟ್ಟಣಗಳಿಗೆ ತಮ್ಮ ಕೆಲಸ ತಾವೇ ನೋಡಿಕೊಳ್ಳುವ ಅಧಿಕಾರ ಕೊಟ್ಟಿತು. ಶಾಲೆ, ಬಡವರ ನೆರವು, ತೆರಿಗೆ ಎಲ್ಲ ಊರಿನವರು ಆರಿಸಿದವರ ಕೈಗೆ. ಇಂಥ ಘಟಕಕ್ಕೆ ಕೊಮ್ಮುನೆ ಎನ್ನುತ್ತಾರೆ. ನಮ್ಮ ಗ್ರಾಮ ಪಂಚಾಯಿತಿಗೆ ಹತ್ತಿರ, ಆದರೆ ಕೆಲಸ ಇನ್ನೂ ಜಾಸ್ತಿ. 1897ರಲ್ಲಿ ಗ್ರಿಪ್ ಕೂಡ ಪ್ರತ್ಯೇಕ ಕೊಮ್ಮುನೆ ಆಯಿತು. ಜನಸಂಖ್ಯೆ 200ರ ಆಸುಪಾಸು.

ತಲೆಮಾರುಗಳ ಕಾಲ ಒಡೆಯನ ಮುಂದೆ ಟೋಪಿ ತೆಗೆದು ನಿಂತವರ ಮಕ್ಕಳು ಈಗ ಮೇಜಿನ ಸುತ್ತ ಕೂತು, ಶಾಲೆಗೆ ಎಷ್ಟು ಖರ್ಚು ಮಾಡೋಣ ಅಂತ ತಾವೇ ತೀರ್ಮಾನಿಸುತ್ತಿದ್ದರು. ನನ್ನ ಪ್ರಕಾರ ಗ್ರಿಪ್‌ನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ.

ಇದನ್ನು ಮುಗಿಸಿದ್ದು ಬಿರುಗಾಳಿ ಅಲ್ಲ, ಎಂಜಿನ್. ಮೋಟಾರ್ ದೋಣಿ ಬಂದ ಮೇಲೆ ಪಟ್ಟಣದಲ್ಲಿ ಮನೆ ಮಾಡಿಕೊಂಡೇ ಮೀನಿನ ಜಾಗಕ್ಕೆ ಹೋಗಿ ಬರಬಹುದಾಯಿತು. ದೋಣಿಗಳು ದೊಡ್ಡದಾದವು, ಅದಕ್ಕೆ ತಕ್ಕ ಬಂದರು ಬೇಕಾಯಿತು. ಹತ್ತಿರದಲ್ಲಿರುವುದೇ ಗ್ರಿಪ್‌ನ ಬಲವಾಗಿತ್ತು. ಆ ಬಲ ಮೆಲ್ಲಗೆ ಕರಗಿತು. ಯುವಕರು ಒಬ್ಬೊಬ್ಬರಾಗಿ ಹೊರಟರು.

ಅತ್ತ ಎರಡನೇ ಮಹಾಯುದ್ಧ ಮುಗಿದ ಮೇಲೆ ಸರ್ಕಾರವೂ ಲೆಕ್ಕ ಹಾಕಲು ಶುರು ಮಾಡಿತ್ತು. 1946ರಲ್ಲಿ ನಿಕೊಲಾಯ್ ಶೈ ನೇತೃತ್ವದಲ್ಲಿ ಒಂದು ಸಮಿತಿ ಬಂತು. ಸಣ್ಣ ಕೊಮ್ಮುನೆಗಳಿಗೆ ಒಳ್ಳೆ ಶಾಲೆ, ಆರೋಗ್ಯ ಸೇವೆ ಕೊಡುವ ಶಕ್ತಿ ಇಲ್ಲ, ಒಟ್ಟುಗೂಡಿಸಿ ಎಂದಿತು. ದೇಶದ 744 ಕೊಮ್ಮುನೆಗಳು 1967ರ ಹೊತ್ತಿಗೆ 454 ಆದವು. 1964ರ ಜನವರಿ 1ಕ್ಕೆ ಗ್ರಿಪ್ ಕ್ರಿಸ್ಟಿಯಾನ್‌ಸುಂದ್‌ಗೆ ಸೇರಿತು. ಆಗ ಉಳಿದಿದ್ದವರು 104 ಜನ. ಹತ್ತು ವರ್ಷದಲ್ಲಿ ಅವರೂ ಹೋದರು. 1974ರ ನಂತರ ಇಲ್ಲಿ ವರ್ಷವಿಡೀ ಯಾರೂ ವಾಸವಿಲ್ಲ.

[ದೃಶ್ಯ: ಬೇಸಿಗೆ, ಪಟ್ಟಣದಿಂದ ಬರುವ ದೋಣಿ]

ಬೇಸಿಗೆಯಲ್ಲಿ ಮಾತ್ರ ಊರು ಮತ್ತೆ ತುಂಬುತ್ತದೆ. ಹಳೇ ಮನೆಗಳು ಈಗ ರಜಾಮನೆಗಳು. ಕ್ರಿಸ್ಟಿಯಾನ್‌ಸುಂದ್‌ನಿಂದ ದೋಣಿ ಬರುತ್ತದೆ, ಚರ್ಚ್‌ನಲ್ಲಿ ಪ್ರಾರ್ಥನೆ ನಡೆಯುತ್ತದೆ, ಮದುವೆಗಳೂ ಆಗುತ್ತವೆ. ಚಳಿಗಾಲ ಬಂತೆಂದರೆ ಬಾಗಿಲುಗಳು ಮುಚ್ಚುತ್ತವೆ. ಪಕ್ಕದ ಬಂಡೆಯ ಮೇಲೆ 1888ರಿಂದ ನಿಂತಿರುವ ದೀಪಸ್ತಂಭ ಖಾಲಿ ಮನೆಗಳಾಚೆ ಕಡಲಿಗೆ ಬೆಳಕು ಬೀಸುತ್ತಿರುತ್ತದೆ.