ಕಾಮನಬಿಲ್ಲಿನ ಪಟ್ಟಿ ಇರೋ ಕ್ಯಾಮೆರಾ

ಕೇಳುಗರೇ, ನಮಸ್ಕಾರ. ನನ್ನ ಮುಂದೆ ಈಗ ಮೇಜಿನ ಮೇಲೆ ಒಂದು ಬಿಳಿ ಪ್ಲಾಸ್ಟಿಕ್ ಕ್ಯಾಮೆರಾ ಇದೆ, ಮುಂದುಗಡೆ ಕಾಮನಬಿಲ್ಲಿನ ಬಣ್ಣದ ಪಟ್ಟಿ, ಕೆಂಪು ಬಟನ್. ಪೋಲರಾಯ್ಡ್ ಒನ್‌ಸ್ಟೆಪ್, ಬಟನ್ ಒತ್ತಿದ ಕೂಡಲೇ ಫೋಟೋ ಹೊರಗೆ ಬರೋ ಕ್ಯಾಮೆರಾ, 1977ರಲ್ಲಿ ಅಮೆರಿಕದಲ್ಲಿ ಬಂದಿದ್ದು. ಯುರೋಪಲ್ಲಿ ಇದನ್ನೇ ಪೋಲರಾಯ್ಡ್ 1000 ಅಂತ ಮಾರಿದ್ರು, ಅಲ್ಲಿ ಹಸಿರು ಬಟನ್ನಿಂದೂ ಸಿಗತ್ತೆ.

ಇದಕ್ಕೂ 5 ವರ್ಷ ಮುಂಚೆ ಬಂದ ಎಸ್‌ಎಕ್ಸ್-70 ಅನ್ನೋ ಮಡಚೋ ಕ್ಯಾಮೆರಾಗೆ 180 ಡಾಲರ್ ಇತ್ತು, ಒನ್‌ಸ್ಟೆಪ್‌ಗೆ ಸುಮಾರು 40 ಡಾಲರ್. ಫಿಲ್ಮ್ ಮಾತ್ರ ಅದೇ! ಫೋಕಸ್ ತಿರುಗಿಸೋದನ್ನ ತೆಗೆದು ಪ್ಲಾಸ್ಟಿಕ್ ಲೆನ್ಸ್ ಕೂರಿಸಿದ್ರು, ನಾವು ನಾಲ್ಕಡಿ ದೂರ ನಿಂತ್ಕೊಂಡ್ರೆ ಸಾಕು. ಸಾಮಾನ್ಯ ಮನೆಯವರಿಗೂ ಎಟುಕೋ ಹಾಗೆ ಮಾಡಿದ್ರಲ್ಲ, ನನಗೆ ಅದು ದುಬಾರಿ ಕ್ಯಾಮೆರಾಗಿಂತ ದೊಡ್ಡ ಕೆಲಸ ಅನ್ಸತ್ತೆ.

ಫೋಟೋದ ಕೆಳಗೆ ಬಿಳಿ ಅಂಚು ಅಗಲ ಇರತ್ತಲ್ಲ, ಅದರೊಳಗೆ ಕೆಮಿಕಲ್ ತುಂಬಿದ ಸಣ್ಣ ಚೀಲಗಳಿವೆ. ಬಟನ್ ಒತ್ತಿದ ತಕ್ಷಣ ಎರಡು ರೋಲರ್ ಮಧ್ಯೆ ಫೋಟೋ ಹಾದು ಬರುವಾಗ ಚೀಲ ಒಡೆದು ಕೆಮಿಕಲ್ ತೆಳ್ಳಗೆ ಹರಡಿಕೊಳ್ಳತ್ತೆ, ಅದರಿಂದಲೇ ಚಿತ್ರ ಮೂಡೋದು. ಹಾಗಾಗಿ ರೋಲರ್ ಕ್ಲೀನಾಗಿರಬೇಕು. ನಾನು ಮೊದಲ ಸಲ ನಮ್ಮಜ್ಜಿ ಫೋಟೋ ತೆಗೆದಾಗ ರೋಲರಲ್ಲಿ ಹಳೇ ಕೆಮಿಕಲ್ ಒಣಗಿ ಕೂತಿತ್ತು, ಅಜ್ಜಿ ಸೆರಗಿನ ಮೇಲೆ ಒಂದೇ ಅಂತರದಲ್ಲಿ ಸಾಲಾಗಿ ಮೂರು ಚುಕ್ಕೆ ಬಂತು. ಒದ್ದೆ ಬಟ್ಟೇಲಿ ಒರೆಸಿದ ಮೇಲೆ ಸರಿಹೋಯ್ತು.

1981ರಿಂದ 600 ಸರಣಿ ಬಂತು, ಸನ್ 600, ಸೂಪರ್‌ಕಲರ್ 635 ಹೀಗೆ ಎಷ್ಟೋ, ಫ್ಲಾಶ್ ಕ್ಯಾಮೆರಾದಲ್ಲೇ ಇರತ್ತೆ. ಅದರ ಫಿಲ್ಮ್‌ಗೆ ಕಮ್ಮಿ ಬೆಳಕು ಸಾಕು, ಒನ್‌ಸ್ಟೆಪ್‌ಗೆ ಹಾಕಿದ್ರೆ ಬೆಳಕು ಜಾಸ್ತಿಯಾಗಿ ಫೋಟೋ ಬೆಳ್ಳಗಾಗತ್ತೆ, ಹಾಗಾಗಿ ಇದಕ್ಕೆ ಎಸ್‌ಎಕ್ಸ್-70 ಫಿಲ್ಮನ್ನೇ ಹಾಕಿ. ಇನ್ನೊಂದು ಮುಖ್ಯ ವಿಷಯ, ಈ ಹಳೇ ಕ್ಯಾಮೆರಾಗಳಲ್ಲಿ ಬ್ಯಾಟರಿ ಇರಲ್ಲ, ಫಿಲ್ಮ್ ಪ್ಯಾಕಲ್ಲೇ ಇರತ್ತೆ. ಅಂಗಡೀಲಿ ಐ-ಟೈಪ್ ಅಂತ ಬರೆದಿರೋ ಪ್ಯಾಕ್ ಕಮ್ಮಿ ರೇಟಿಗೆ ಸಿಗತ್ತೆ, ಅದರಲ್ಲಿ ಬ್ಯಾಟರಿ ಇಲ್ಲ, ಇವಕ್ಕೆ ಆಗಲ್ಲ, ದಯವಿಟ್ಟು ದುಡ್ಡು ಕಳ್ಕೋಬೇಡಿ. ಪ್ಯಾಕಿಗೆ ಈಗ ಎಂಟೇ ಫೋಟೋ.

2008ರಲ್ಲಿ ಕಂಪನಿ ಫಿಲ್ಮ್ ನಿಲ್ಲಿಸಿಬಿಡ್ತು. ನೆದರ್ಲೆಂಡ್ಸಿನ ಎನ್‌ಸ್ಕೆಡೆ ಫ್ಯಾಕ್ಟರಿ ಉಳಿಸಿಕೊಂಡು ಕೆಲವರು ಮತ್ತೆ ಶುರು ಮಾಡಿದ್ದರಿಂದ ನಮಗೆ ಇವತ್ತು ಸಿಗ್ತಿದೆ.

ಫೋಟೋ ಹೊರಗೆ ಬಂದ್ಮೇಲೆ ಅಲ್ಲಾಡಿಸಬೇಡಿ, ಬೆಳಕು ಬೀಳದ ಹಾಗೆ ಮಗುಚಿ ಇಡಿ. ಅಜ್ಜಿ ಫೋಟೋಗೆ ನೆಗೆಟಿವ್ ಇಲ್ಲ, ಇರೋದು ಅದೊಂದೇ. ಅಜ್ಜಿ ಅದನ್ನ ದೇವರ ಮನೆ ಕಪಾಟಲ್ಲಿ ಪಂಚಾಂಗದೊಳಗೆ ಇಟ್ಕೊಂಡಿದ್ದಾರೆ, ಚುಕ್ಕೆ ಸಮೇತ.