ಗಾಲ್ಫ್ ಸ್ವಿಂಗ್ ಎಷ್ಟು ಜೋರು? ಎರಡು ರೇಡಾರ್, ಒಂದು ಸೆವೆನ್ ಐರನ್

ಈಗ ಒಂದು ಸದ್ದು ಕೇಳಿಸ್ತಲ್ಲ, ಅದು ಗಾಳೀದಲ್ಲ. ನಾನು ಬೀಸಿದ ಸೆವೆನ್ ಐರನ್‌ಗೆ, ಅಂದ್ರೆ ಒಂದು ಗಾಲ್ಫ್ ಕ್ಲಬ್‌ಗೆ ತಾಗಿ ವಾಪಸ್ ಬಂದ ರೇಡಾರ್ ಸಿಗ್ನಲ್. ಲ್ಯಾಪ್‌ಟಾಪಿನ ಮೈಕ್ ಸಾಕೆಟ್‌ಗೆ ಸಿಕ್ಕಿಸಿ ರೆಕಾರ್ಡ್ ಮಾಡಿದ್ದು, ಅಷ್ಟೇ. ನನ್ನ ಸ್ವಿಂಗ್ ವೇಗ ಅಳೀಬೇಕಿತ್ತು, ಇಷ್ಟಕ್ಕೇ ಮೂರು ಭಾನುವಾರ ಹೋಯ್ತು.

ಮೊದಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಂದ ಎಚ್‌ಬಿ100 ಅನ್ನೋ ರೇಡಾರ್ ಸೆನ್ಸರ್ ತಂದೆ. 10.525 ಗಿಗಾಹರ್ಟ್ಜ್‌ದು. ಯಾರಾದ್ರೂ ಹತ್ರ ಬಂದ್ರೆ ತಾನಾಗೇ ತೆರ್ಕೊಳ್ಳೋ ಬಾಗಿಲುಗಳಿಗೆ ಹಾಕ್ತಾರಲ್ಲ, ಆ ಜಾತಿ. ಜೊತೆಗೆ ಅದರ ಸಣ್ಣ ಸಿಗ್ನಲ್‌ನ ಹಿಗ್ಗಿಸೋಕೆ ಒಂದು ರೆಡಿಮೇಡ್ ಆಂಪ್ಲಿಫೈಯರ್ ಬೋರ್ಡು. ಎದುರಿಗೆ ಕೈ ಆಡಿಸಿದ್ರೆ ನಂಬರ್ ಬರ್ತಿತ್ತು. ಕ್ಲಬ್ ಬೀಸಿದ್ರೆ ಸುಮ್ನೆ ಕೂತಿರ್ತಿತ್ತು. ಸೆನ್ಸರ್ ಕೆಟ್ಟಿದೆ ಅಂದ್ಕೊಂಡು ಇನ್ನೊಂದು ತಂದೆ. ಅದೂ ಹಾಗೇ.

ಪಾಪ, ತಪ್ಪು ಸೆನ್ಸರ್‌ದಲ್ಲ. ಆ ಬೋರ್ಡನ್ನ ಮಾಡಿರೋದೇ ನಡ್ಕೊಂಡು ಹೋಗೋ ಮನುಷ್ಯರಿಗೆ. ಎದುರಿನ ವಸ್ತು ಜೋರಾಗಿ ಹೋದಷ್ಟೂ ರೇಡಾರ್ ಕೊಡೋ ಸಿಗ್ನಲ್‌ನ ಹರ್ಟ್ಜ್ ಏರುತ್ತೆ: ಎಚ್‌ಬಿ100ರಲ್ಲಿ ಗಂಟೆಗೆ 1 ಕಿಲೋಮೀಟರ್ ವೇಗ ಅಂದ್ರೆ ಸುಮಾರು 19.5 ಹರ್ಟ್ಜ್. ನಡಿಗೆಗೆ ನೂರು ಹರ್ಟ್ಜ್ ಸಾಕು. ಕ್ಲಬ್ ಹೆಡ್, ಅಂದ್ರೆ ಚೆಂಡಿಗೆ ತಾಗೋ ತುದಿ, ಗಂಟೆಗೆ 118 ಕಿಲೋಮೀಟರ್‌ಗೆ ಹೋದ್ರೆ 2,300 ಹರ್ಟ್ಜ್ ಬೇಕು, ಅಷ್ಟೊತ್ತಿಗೆ ಬೋರ್ಡು ಕೈ ಎತ್ತಿಬಿಟ್ಟಿರುತ್ತೆ. ಅದರಲ್ಲಿರೋ ಎಲ್‌ಎಂ358 ಚಿಪ್‌ನ ಒಂದೇ ಹಂತದಲ್ಲಿ ಸಾವಿರ ಪಟ್ಟು ಹಿಗ್ಗಿಸು ಅಂದ್ರೆ ಅದು ಒಂದು ಕಿಲೋಹರ್ಟ್ಜ್ ದಾಟೋದೇ ಕಷ್ಟ. ಇನ್ನೂ ಚುರುಕಾದ ಎನ್‌ಇ5532 ಚಿಪ್ ಹಾಕಿ, ಕೆಲಸನ ಎರಡು ಹಂತಕ್ಕೆ ಹಂಚಿದೆ. ಸ್ವಿಂಗ್ ಕಾಣಿಸ್ತು!

ಆದ್ರೂ ಕೊನೆಗೆ ಇಟ್ಕೊಂಡಿದ್ದು ಇನ್ನೊಂದು ರೇಡಾರ್ ಸೆನ್ಸರನ್ನ: ಸಿಡಿಎಂ324, 24.125 ಗಿಗಾಹರ್ಟ್ಜ್. ಯಾಕೆ ಅಂದ್ರೆ, ಕ್ಲಬ್ ತನ್ನ ಪೂರ್ತಿ ವೇಗದಲ್ಲಿರೋದು ಕಣ್ಣು ಮಿಟುಕಿಸೋಷ್ಟು ಹೊತ್ತೂ ಅಲ್ಲ. ನಾನು 10 ಮಿಲಿಸೆಕೆಂಡಿನ ತುಂಡು ತಗೊಂಡು ನೋಡ್ತೀನಿ. ಅಷ್ಟರಲ್ಲೇ ಕ್ಲಬ್ ಹೆಡ್ 33 ಸೆಂಟಿಮೀಟರ್ ಓಡಿರುತ್ತೆ. ಅಷ್ಟು ಚಿಕ್ಕ ತುಂಡಲ್ಲಿ 100 ಹರ್ಟ್ಜ್‌ಗಿಂತ ಸಣ್ಣ ವ್ಯತ್ಯಾಸ ಸರಿಯಾಗಿ ಬಿಡಿಸಿ ಕಾಣಲ್ಲ. ಎಚ್‌ಬಿ100ರಲ್ಲಿ 100 ಹರ್ಟ್ಜ್ ಅಂದ್ರೆ ಗಂಟೆಗೆ 5 ಕಿಲೋಮೀಟರ್, ಇದ್ರಲ್ಲಿ 2.2. ಒಂದು ತಿಂಗಳು ಬೆವರು ಸುರಿಸಿ ನಾನು ಗಳಿಸೋದೇ ಮೂರೋ ನಾಲ್ಕೋ ಕಿಲೋಮೀಟರ್. ಅದನ್ನೇ ನುಂಗಿಬಿಡೋ ಸೆನ್ಸರ್ ಇಟ್ಕೊಂಡು ಏನ್ ಮಾಡ್ಲಿ?

ಇದಕ್ಕೆ ದಿಕ್ಕು ಗೊತ್ತಾಗಲ್ಲ, ನಿಜ. ಕ್ಲಬ್ ಬರ್ತಿದ್ಯೋ ಹೋಗ್ತಿದ್ಯೋ ಹೇಳಲ್ಲ. ಕ್ಲಬ್ಬನ್ನ ಹಿಂದಕ್ಕೆ ಎತ್ತೋ ಬ್ಯಾಕ್‌ಸ್ವಿಂಗ್ ಹೇಗೂ ನಿಧಾನ, ನನಗೆ ಬೇಕಾಗಿರೋದು ವೇಗದ ತುತ್ತತುದಿ ಮಾತ್ರ. ದಿಕ್ಕು ಹೇಳೋ ಸೆನ್ಸರ್‌ಗೆ ಜಾಸ್ತಿ ದುಡ್ಡು ಕೊಡೋ ಅಗತ್ಯ ಕಾಣಲಿಲ್ಲ.

ಇಡೋ ಜಾಗ ಮಾತ್ರ ಮುಖ್ಯ. ಕ್ಯಾಮೆರಾ ಇಟ್ಟ ಹಾಗೆ ಎದುರಿಗೆ ಇಟ್ರೆ, ಚೆಂಡಿಗೆ ತಾಗೋ ಗಳಿಗೆಯಲ್ಲೇ ಕ್ಲಬ್ ಅಡ್ಡಕ್ಕೆ ಹೋಗುತ್ತೆ, ರೇಡಾರ್‌ಗೆ ವೇಗ ಸೊನ್ನೆ. ಚೆಂಡಿನ ಹಿಂದೆ, ಹೊಡೆಯೋ ಗೆರೆಯಲ್ಲೇ ನೆಲದ ಹತ್ರ ಇಡಿ. 20 ಡಿಗ್ರಿ ಓರೆಯಾದ್ರೂ 118 ಹೋಗಿ 111 ತೋರಿಸುತ್ತೆ.

ಇದೆಲ್ಲ ನಡೀತಿರೋದು ನಮ್ಮ ಟೆರೇಸಲ್ಲಿ. ತಂತಿ ಮೇಲಿನ ಬಟ್ಟೆ ಅಲ್ಲಾಡೋದೂ ರೇಡಾರ್‌ಗೆ ಕಾಣುತ್ತೆ. ಫಿಲ್ಟರ್ ಹಾಕಿ ತೆಗೆದೆ. ಅಮ್ಮಂಗೆ ಮಾತ್ರ ಬೇರೆ ಚಿಂತೆ: "ಸೀರೆಗೆ ತಗುಲ್ಸಿದ್ರೆ ನೋಡು."

ಅಂದ ಹಾಗೆ, ವೇಗವೇ ಎಲ್ಲಾ ಅಲ್ಲ. ನಮ್ಮ ಬೆಂಗಳೂರಿನ ಗಾಲ್ಫರ್ ಅದಿತಿ ಅಶೋಕ್ ದೂರ ಹೊಡೆಯೋದ್ರಲ್ಲಿ ಮುಂದಿನವರಲ್ಲ. ಟೋಕಿಯೊ ಒಲಿಂಪಿಕ್ಸಲ್ಲಿ ಪಟಿಂಗ್, ಅಂದ್ರೆ ಚೆಂಡನ್ನ ಮೆಲ್ಲಗೆ ಕುಳಿಗೆ ಉರುಳಿಸೋದನ್ನ ನೆಚ್ಚಿಕೊಂಡೇ ನಾಲ್ಕನೇ ಸ್ಥಾನಕ್ಕೆ ಬಂದ್ರು. ನನ್ನ ಪಟಿಂಗ್ ಬಗ್ಗೆ ಕೇಳ್ಬೇಡಿ.

ಹೆಡ್‌ಫೋನ್ ಹಾಕ್ಕೊಳ್ಳಿ. ಮೂರು ಸ್ವಿಂಗ್ ಕೇಳಿಸ್ತೀನಿ. ವೇಗ ಹೆಚ್ಚಿದಷ್ಟೂ ಸಿಳ್ಳೆ ಕೀರಲಾಗುತ್ತೆ. ಯಾವುದು 118 ಅಂತ ಕಾಮೆಂಟಲ್ಲಿ ಹೇಳಿ.