ಡೀಫೆನ್‌ಬೇಕರ್: ಕೋರ್ಟಿನಿಂದ ಪಾರ್ಲಿಮೆಂಟಿಗೆ

ಎಲ್ಲರಿಗೂ ನಮಸ್ಕಾರ.

ಜಾನ್ ಡೀಫೆನ್‌ಬೇಕರ್ 1957ರಿಂದ 1963ರವರೆಗೆ ಕೆನಡಾದ ಪ್ರಧಾನಿಯಾಗಿದ್ದವರು. ಅವರ ರಾಜಕೀಯ ಅರ್ಥವಾಗಬೇಕಾದರೆ ಮೊದಲು ಅವರ ವಕೀಲಿಕೆಯನ್ನು ನೋಡಬೇಕು ಅಂತ ನನ್ನ ಅಭಿಪ್ರಾಯ.

ಹುಟ್ಟಿದ್ದು 1895ರಲ್ಲಿ, ಒಂಟಾರಿಯೋದಲ್ಲಿ. ಬೆಳೆದದ್ದು ಸಸ್ಕಾಚೆವಾನ್‌ನ ಬಯಲುಸೀಮೆಯಲ್ಲಿ. 1919ರಲ್ಲಿ ವಕಾವ್ ಎಂಬ ಪುಟ್ಟ ಊರಿನಲ್ಲಿ ವಕೀಲರಾಗಿ ಬೋರ್ಡು ಹಾಕಿದರು. ಚುನಾವಣೆಗಳಲ್ಲಿ ಮಾತ್ರ ಸೋಲಿನ ಮೇಲೆ ಸೋಲು. ಪಾರ್ಲಿಮೆಂಟಿಗೆ ನಿಂತು ಸೋತರು, ಪ್ರಾಂತ್ಯದ ಶಾಸನಸಭೆಗೆ ನಿಂತು ಸೋತರು, ಮೇಯರ್ ಹುದ್ದೆಯೂ ಸಿಗಲಿಲ್ಲ. ಕೊನೆಗೆ 1940ರಲ್ಲಿ ಸಂಸದರಾದಾಗ ಅವರಿಗೆ 44 ವರ್ಷ.

ಸಂಸದರಾದ ಮೇಲೂ ಕರಿಕೋಟು ಬಿಡಲಿಲ್ಲ. 1950ರ ನವೆಂಬರ್‌ನಲ್ಲಿ ಬ್ರಿಟಿಷ್ ಕೊಲಂಬಿಯಾದ ಕನೂ ರಿವರ್ ಹತ್ತಿರ ಎರಡು ರೈಲುಗಳು ಮುಖಾಮುಖಿ ಡಿಕ್ಕಿ ಹೊಡೆದವು. 21 ಜನ ಸತ್ತರು. ಅವರಲ್ಲಿ 17 ಮಂದಿ ಕೊರಿಯಾ ಯುದ್ಧಕ್ಕೆ ಹೊರಟಿದ್ದ ಸೈನಿಕರು. ರೈಲು ಸಿಬ್ಬಂದಿಗೆ ಕೊಟ್ಟ ಸಂದೇಶದಲ್ಲಿ ಎರಡು ಪದ ಬಿಟ್ಟುಹೋಗಿದ್ದವು ಅಂತ ಜ್ಯಾಕ್ ಆಥರ್ಟನ್ ಎಂಬ ಯುವ ಟೆಲಿಗ್ರಾಫ್ ನೌಕರನ ಮೇಲೆ ಕೇಸು ಬಿತ್ತು. ಡೀಫೆನ್‌ಬೇಕರ್ ಪತ್ನಿ ಎಡ್ನಾ ಆಗ ಸಾವಿನ ಹಾಸಿಗೆಯಲ್ಲಿದ್ದರು. ಈ ಹುಡುಗನ ಕೇಸು ನೀವು ನಡೆಸಬೇಕು ಅಂತ ಗಂಡನನ್ನು ಕೇಳಿಕೊಂಡರು. ಇವರು ಆ ಪ್ರಾಂತ್ಯದ ವಕೀಲರೇ ಅಲ್ಲ! ಅಲ್ಲಿ ವಾದಿಸಲು ಪರೀಕ್ಷೆ ಕಟ್ಟಿದರು, 1500 ಡಾಲರ್ ಶುಲ್ಕವನ್ನೂ ಕೊಟ್ಟರು.

ತಂತಿಯಲ್ಲಿ ಸಂದೇಶ ತುಂಡಾಗಲು ಸಾಧ್ಯವಿತ್ತು ಅಂತ ವಾದಿಸಿದರು. ಸೈನಿಕರನ್ನು ಮರದ ಬೋಗಿಗಳಲ್ಲಿ ಕೂರಿಸಿ, ಹಿಂದೆ ಮುಂದೆ ಉಕ್ಕಿನ ಬೋಗಿ ಜೋಡಿಸಿದ್ದು ಯಾರು ಅಂತ ಪ್ರಶ್ನೆ ಎತ್ತಿದರು. ಎಲ್ಲರಿಗಿಂತ ಕೆಳಗಿದ್ದ ನೌಕರನ ತಲೆಗೆ ಇಡೀ ರೈಲ್ವೆಯ ತಪ್ಪನ್ನು ಕಟ್ಟುವುದು ಸರಿಯಲ್ಲ ಅಲ್ವಾ? 1951ರಲ್ಲಿ ಆಥರ್ಟನ್ ಖುಲಾಸೆಯಾದ.

ಸರ್ಕಾರದ ಎದುರು ಒಂಟಿಯಾಗಿ ನಿಂತವನ ಕಡೆ ಇದ್ದ ಈ ಒಲವೇ ಅಧಿಕಾರದಲ್ಲೂ ಕಾಣುತ್ತದೆ. 1958ರಲ್ಲಿ 265 ಸ್ಥಾನಗಳಲ್ಲಿ 208 ಗೆದ್ದರು. 1960ರಲ್ಲಿ ಹಕ್ಕುಗಳ ಕಾಯ್ದೆ ತಂದರು. ಅದೇ ವರ್ಷ ಮೂಲನಿವಾಸಿಗಳು ಮೂಲನಿವಾಸಿ ಎಂಬ ತಮ್ಮ ಕಾನೂನುಬದ್ಧ ಸ್ಥಾನ ಬಿಟ್ಟುಕೊಡದೆ ಓಟು ಹಾಕುವಂತಾಯಿತು. 1961ರಲ್ಲಿ ಕಾಮನ್‌ವೆಲ್ತ್ ಸಭೆಯಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ನೆಹರೂ ಜೊತೆ ನಿಂತರು.

ಅವರ ಆಡಳಿತವನ್ನೆಲ್ಲ ನಾನು ಹೊಗಳುವುದಿಲ್ಲ. 1959ರಲ್ಲಿ ಏವ್ರೋ ಆರೋ ಯುದ್ಧವಿಮಾನದ ಯೋಜನೆಯನ್ನು ದಿಢೀರ್ ಅಂತ ನಿಲ್ಲಿಸಿದಾಗ ಸಾವಿರಾರು ಜನ ಕೆಲಸ ಕಳೆದುಕೊಂಡರು. ಹಕ್ಕುಗಳ ಕಾಯ್ದೆಯೂ ಕೇಂದ್ರದ ಕಾನೂನುಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. ಅದು ಬರೀ ಕಾಗದದ ಮೇಲಿನ ಮಾತು ಅಂದವರೂ ಇದ್ದರು.

ಆದರೆ ಯಲ್ಲೋನೈಫ್‌ನ ಜೋಸೆಫ್ ಡ್ರೈಬೋನ್ಸ್ ಕೇಸು ನೋಡಿ. ಮೂಲನಿವಾಸಿಗಳಿಗೆ ಮೀಸಲಿಟ್ಟ ಪ್ರದೇಶದ ಹೊರಗೆ ಕುಡಿದಿದ್ದ ಅಂತ ಈ ಮೂಲನಿವಾಸಿಗೆ ಶಿಕ್ಷೆಯಾಗಿತ್ತು. ಬೇರೆಯವರಿಗೆ ಇಷ್ಟು ಬಿಗಿಯಾದ ಕಾನೂನು ಇರಲಿಲ್ಲ. 1969ರಲ್ಲಿ ಸುಪ್ರೀಂ ಕೋರ್ಟು ಡೀಫೆನ್‌ಬೇಕರ್ ತಂದ ಕಾಯ್ದೆಯನ್ನೇ ಹಿಡಿದು ಆ ತಾರತಮ್ಯದ ಕಲಮನ್ನು ತಳ್ಳಿಹಾಕಿತು. ಡೀಫೆನ್‌ಬೇಕರ್ ಆಗಲೂ ಪಾರ್ಲಿಮೆಂಟಿನಲ್ಲಿದ್ದರು. 1979ರಲ್ಲಿ ಸಾಯುವವರೆಗೂ ಸಂಸದರಾಗಿಯೇ ಉಳಿದರು.